ಅಕ್ಕನ ಪರವಾಗಿ ನಾನು ಕೊಟ್ಟ ಮಾತು

ನನ್ನ ಅಕ್ಕ ಏಳು ವರ್ಷ ಹಾಡಲಿಲ್ಲ. ಅದಕ್ಕೆ ಕಾರಣ ಗಂಟಲು ನೋವಲ್ಲ, ಗಂಡನ ಕಾಟವಲ್ಲ. ಕಾರಣ ನಾನು. ಇದನ್ನು ಇಲ್ಲಿಯವರೆಗೆ ಮೂರೇ ಜನರ ಮುಂದೆ ಹೇಳಿಕೊಂಡಿದ್ದೇನೆ. ಒಬ್ಬರು ನಕ್ಕರು, ಒಬ್ಬರು ಬೈದರು, ನನ್ನ ಹೆಂಡತಿ ಎರಡನ್ನೂ ಮಾಡಿದಳು.

ವಾಡಿಯಲ್ಲಿ ನಮ್ಮದು ರೈಲು ಹಳಿಯ ಆಚೆ ಬದಿಯ ಓಣಿ. ಅಪ್ಪ ನಾನು ಸಣ್ಣವನಿದ್ದಾಗಲೇ ತೀರಿಹೋಗಿದ್ದ. ನಾನು ಐದನೇ ಇಯತ್ತೆಗೆ ಶಾಲೆಗೆ ಶರಣು ಹೊಡೆದು, ಮುಂದೆ ಶಹಾಬಾದ್ ರಸ್ತೆಯ ಫರ್ಸಿ ಕಲ್ಲು ಪಾಲಿಶ್ ಮಾಡುವ ಕಡೆ ಕೆಲಸಕ್ಕೆ ಸೇರಿದ್ದೆ. ಸಂಜೆ ಮೈತುಂಬ ಕಲ್ಲಿನ ಪುಡಿ ಮೆತ್ತಿಕೊಂಡು ಬಂದರೆ ಅವ್ವ ಮಾತಾಡಿಸುವ ಮೊದಲು ಬಚ್ಚಲು ತೋರಿಸುತ್ತಿದ್ದಳು. ಅಕ್ಕ ನನಗಿಂತ ಎರಡು ವರ್ಷ ದೊಡ್ಡವಳು. ಏಳನೆಯವರೆಗೆ ಓದಿದ್ದಳು, ಆ ಎರಡು ವರ್ಷದ ಹೆಚ್ಚಿನ ಓದನ್ನು ನನ್ನ ಮೇಲೆ ದಿನಾ ಖರ್ಚು ಮಾಡುತ್ತಿದ್ದಳು.

ತೊಂಬತ್ತರ ದಶಕದ ನಡುವಿನಲ್ಲಿ ನಮ್ಮ ಓಣಿಗೆ ಮಹಿಳಾ ಸಂಘ ಬಂತು. ಒಂದು ಜೀಪು, ಇಬ್ಬರು ಅಕ್ಕಂದಿರು, ಬಾರಿಸಲು ಒಂದು ಹಲಗೆ. ಅವರು ಮೊದಲು ಭಾಷಣ ಮಾಡಿದರು, ಯಾರೂ ಕೇಳಲಿಲ್ಲ. ಆಮೇಲೆ ಹಾಡಿದರು. ರೊಟ್ಟಿ ಬಡಿಯುತ್ತಿದ್ದವರು ಹಿಟ್ಟಿನ ಕೈಯಲ್ಲೇ ಎದ್ದು ಬಂದರು. ಅಕ್ಕನ ದನಿ ಆ ಎರಡನೇ ವಾರಕ್ಕೇ ಮುಂದೆ ಬಂತು. ಚಿಂಚೋಳಿಯಲ್ಲಿ ಸಂಘದವರ ಎರಡು ದಿನದ ಶಿಬಿರ ಇತ್ತು, ಅದಕ್ಕೆ ಹೋಗಿಬಂದಳು. ಬರುವಾಗ ಒಂದು ಹಾಡು ತಂದಳು. ಯಾರು ಕಟ್ಟಿದ್ದೋ ಗೊತ್ತಿಲ್ಲ, ಶಿಬಿರದ ಹೆಂಗಸರೇ ಕೂಡಿ ಕಟ್ಟಿದ್ದೆಂದು ಹೇಳುತ್ತಿದ್ದಳು.

“ಮಾತು ಕೊಟ್ಟ ಮಹಾರಾಯಾ, ಮಾತಿಗಿ ನಿಲ್ತೀಯೇನು?
ನಿಲ್ಲಾಕ ಕಾಲಿಲ್ಲಂದ್ರ, ಕುಂತರ ಹೇಳ್ತೀಯೇನು?”

ಇಷ್ಟೇ. ಆದರೆ ಈ ಎರಡು ಸಾಲು ನಮ್ಮ ಓಣಿಯ ಗಂಡಸರ ನೆಮ್ಮದಿ ಕೆಡಿಸಿದ ಪರಿ ಹೇಳತೀರದು. ನಮ್ಮ ಎದುರು ಮನೆಯವನು ಬಚ್ಚಲಿಗೆ ತಗಡಿನ ಬಾಗಿಲು ಹಾಕಿಸುತ್ತೇನೆಂದು ಮೂರು ವರ್ಷದಿಂದ ಹೆಂಡತಿಗೆ ಹೇಳುತ್ತ ಬಂದಿದ್ದ. ಆಕೆ ನೀರು ಸೇದುವಾಗ, ಕಸ ಹೊಡೆಯುವಾಗ, ಅವನು ಊಟಕ್ಕೆ ಕುಂತಾಗ ಈ ಹಾಡು ಹಿಡಿದಳು. ಎಂಟು ದಿನ ತಡೆದುಕೊಂಡ. ಒಂಬತ್ತನೇ ದಿನ ಬಾಗಿಲು ತಲೆ ಮೇಲೆ ಹೊತ್ತು ತಂದ. ತಂದವನು ನೆಟ್ಟಗೆ ನಮ್ಮ ಮನೆ ಮುಂದೆ ನಿಂತ.

“ಏ ಯಕ್ಕಾ, ಬಾಗಲಾ ತಂದೀನಿ ನೋಡು. ಇನ್ನರ ಆ ಹಾಡು ಬಂದ್ ಮಾಡಿಸು!”

“ಕದಾ ಹಚ್ಚಿದಿ, ಚಿಲಕ ಎಲ್ಲದ ಅಣ್ಣಾ?” ಎಂದಳು ಅಕ್ಕ. ಅವನು ಮರುದಿನ ಚಿಲಕವನ್ನೂ ತಂದ.

ಚಾದ ಅಂಗಡಿಯಲ್ಲಿ ಮಾತೆಲ್ಲ ಇದೇ. ಒಬ್ಬೊಬ್ಬನಿಗೂ ಆ ಹಾಡು ತನ್ನ ಮೇಲೆಯೇ ಕಟ್ಟಿದ್ದೆಂದು ಖಾತ್ರಿಯಾಗಿತ್ತು. ಕುಡಿಯುವವನೊಬ್ಬ, “ನನ್ನ ಹೆಸರು ಹಾಳು ಮಾಡಾಕತ್ತಾರ” ಎಂದು ಸಂಘದ ಜೀಪಿಗೆ ಅಡ್ಡ ಮಲಗಿದ. ಜೀಪಿನ ಅಕ್ಕ ಇಳಿದು, “ಅಣ್ಣಾ, ಹಾಡಿನಾಗ ಯಾರ ಹೆಸರೂ ಇಲ್ಲಲ್ಲ?” ಎಂದರೆ, “ಹೆಸರಿಲ್ಲ ಖರೇ, ವಿಷಯ ನಂದೇ ಅದ” ಎಂದ. ಸೀಮೆಎಣ್ಣೆ ಹಂಚುವವನು ಹೇಳಿದ ದಿನ ಅಂಗಡಿ ತೆರೆಯದಿದ್ದರೆ ಹೆಂಗಸರು ಡಬ್ಬಿ ಬಾರಿಸುತ್ತ ಅವನ ಮನೆ ಮುಂದೆ ಇದನ್ನೇ ಹಾಡಿದರು. ಅವನು ಒಳಗಿನಿಂದಲೇ, “ನಾ ಏನ್ ನಿಮಗ ಲಗ್ನ ಆಗ್ತೀನಂತ ಮಾತು ಕೊಟ್ಟೀನೇನ್ರೇ?” ಎಂದು ಕೂಗಿದ.

ನಾನು ಮಾತ್ರ ಈ ಹಾಡಿಗೆ ಹೆದರಲಿಲ್ಲ. ಯಾಕೆಂದರೆ ಮಾತಿಗೆ ತಪ್ಪಿ ಬೈಸಿಕೊಳ್ಳುವುದು ನನಗೆ ರೂಢಿಯಾಗಿತ್ತು. ಮಾತು ಕೊಡುವುದೆಂದರೆ ನನಗೆ ಮೊದಲಿಂದಲೂ ಎಲೆಯಡಿಕೆ ಉಗುಳಿದಷ್ಟು ಸಲೀಸು. ನಾಳೆ ತರ್ತೀನಿ, ಸಂಜೀಕ ಬರ್ತೀನಿ, ನೀ ಚಿಂತಿ ಮಾಡಬ್ಯಾಡ ಜಬಾನ್ ಕೊಟ್ಟೀನಿ. ನಮ್ಮ ಕಡೆ ಜಬಾನ್ ಕೊಟ್ಟರೆ ಆಣೆ ಮಾಡಿದಂತೆ. ನಾನು ಅದನ್ನು ದಿನಕ್ಕೆ ನಾಲ್ಕು ಸಲ ಕೊಡುತ್ತಿದ್ದೆ.

ಅಕ್ಕನಿಗೆ ಇಪ್ಪತ್ನಾಲ್ಕು ತುಂಬಿದ ವರ್ಷ ಸೇಡಂನಿಂದ ಸಂಬಂಧ ಬಂತು. ನಮಗೆ ದೂರದ ನೆಂಟರೇ. ಮನೆಯಲ್ಲಿ ವಿಧವೆ ತಾಯಿ, ಬಟ್ಟೆ ಹೊಲಿಯುವ ಮಗ, ಅವನ ತಂಗಿ. ಅವರು ಕೇಳಿದ್ದು ಸಾಟಿ ಲಗ್ನ. ಅಂದರೆ ನಮ್ಮ ಹೆಣ್ಣು ಅವರ ಮನೆಗೆ, ಅವರ ಹೆಣ್ಣು ನಮ್ಮ ಮನೆಗೆ, ಒಂದೇ ಹಂದರದಲ್ಲಿ ಎರಡು ಅಕ್ಷತೆ. ಇದರಲ್ಲಿ ಅನುಕೂಲವಿದೆ, ಕುತ್ತಿಗೆಗೆ ಹಗ್ಗವೂ ಇದೆ. ಒಂದು ಮನೆಯವರು ಸೊಸೆಯನ್ನು ತವರಿಗೆ ಅಟ್ಟಿದರೆ, ಇನ್ನೊಂದು ಮನೆಯ ಸೊಸೆಯೂ ಅದೇ ವಾರ ಗಂಟು ಕಟ್ಟಬೇಕು.

ಮನೆಗೆ ಗಂಡಸೆಂದರೆ ನಾನೇ ಆದ್ದರಿಂದ ಮೊದಲ ಮಾತಿಗೆ ನಾನೇ ಹೊರಟೆ. ಅಕ್ಕ ಬಾಗಿಲಲ್ಲಿ ತಡೆದಳು.

“ತಮ್ಮಾ, ನಂದೊಂದೇ ಮಾತದ. ಹುಡುಗ ಕರ್ರಗಿರಲಿ, ಕುಳ್ಳಗಿರಲಿ. ಲಗ್ನ ಆದಮ್ಯಾಲೂ ನಾ ಹಾಡ್ತೀನಿ, ಸಂಘಕ್ಕ ಹೋಗ್ತೀನಿ. ಇದಕ್ಕ ಹೂಂ ಅಂತಾನೇನು ಕೇಳು. ಅವನ ಬಾಯಿಂದನೇ ಕೇಳಿಸ್ಕೊಂಡು ಬಾ. ಆಮ್ಯಾಲ ಆಗಂಗಿಲ್ಲ ಅನ್ನೋರು ನನಗ ಬ್ಯಾಡ.”

“ಅಷ್ಟೇ ಹೌದಲ್ಲ? ಕೇಳ್ತೀನಿ ಬಿಡು. ಜಬಾನ್ ಕೊಟ್ಟೀನಿ.”

ಪ್ಯಾಸೆಂಜರ್ ಗಾಡಿ ಚಿತ್ತಾಪುರ ದಾಟಿ, ಮಳಖೇಡ ದಾಟಿ ಸೇಡಂ ಮುಟ್ಟುವವರೆಗೂ ಅಕ್ಕನ ಮಾತು ನೆನಪಿತ್ತು. ಅವರ ಮನೆಯಲ್ಲಿ ಚಾ ಬರುವವರೆಗೂ ಇತ್ತು. ಚಾ ತಂದವಳು ಆ ಮನೆಯ ಮಗಳು. ಕಪ್ಪು-ಬಸಿ ಮುಂದೆ ಹಿಡಿದು, ನನ್ನನ್ನು ನೋಡಿ, ನನ್ನ ಕಿವಿಯ ಹಿಂದೆ ಉಳಿದಿದ್ದ ಬಿಳಿ ಪುಡಿ ನೋಡಿ, ತುಟಿ ಕಚ್ಚಿ ನಗು ನುಂಗಿದಳು. ನಾನು ಚಾ ಹೇಗೆ ಕುಡಿದೆ ಗೊತ್ತಿಲ್ಲ. ನಾಲಿಗೆ ಸುಟ್ಟದ್ದು ಮರುದಿನ ತಿಳಿಯಿತು.

ಆಗ ಅವಳ ತಾಯಿ ಕೇಳಿದಳು. “ಅಲ್ಲಪಾ, ನಿಮ್ಮ ಅಕ್ಕ ಹಾಡ್ತಾಳಂತ ಹೌದೇನು?”

ಇಷ್ಟೇ ಕೇಳಿದ್ದು. ಇದನ್ನು ನಾನು ನೂರು ಸಲ ತಿರುವಿ ನೋಡಿದ್ದೇನೆ. ಆಕೆ ಹುಬ್ಬು ಗಂಟಿಕ್ಕಿರಲಿಲ್ಲ, ದನಿ ಏರಿಸಿರಲಿಲ್ಲ. ಆದರೆ ನನ್ನ ಕಿವಿಯಲ್ಲಿ ಚಾದ ಅಂಗಡಿಯ ಗಂಡಸರೆಲ್ಲ ಒಟ್ಟಿಗೆ ಕೂತಿದ್ದರು. ಹಾಡು ಎಂದ ಕೂಡಲೇ ಸಂಬಂಧ ಮುರಿಯಿತು, ಈ ಹುಡುಗಿ ಕೈ ತಪ್ಪಿದಳು ಎಂದೇ ತಿಳಿದೆ.

“ಇಲ್ಲ ಅತ್ತಿ, ಅದೆಲ್ಲ ಲಗ್ನಾ ಆಗೋತನಕ. ಹೊಸ್ತಿಲಾ ದಾಟಿದ ದಿನಾನೇ ಬಿಡ್ತಾಳ. ಆಮ್ಯಾಲ ಒಂದ ಸಾಲರ ಹಾಡಿದ್ರ ನನ್ನನ್ನ ಕೇಳ್ರಿ. ಜಬಾನ್ ಕೊಟ್ಟೀನಿ.”

ಆಕೆ ಏನೋ ಹೇಳಲು ಬಾಯಿ ತೆರೆದವಳು ಅದನ್ನು ಬಿಟ್ಟು, “ನೀ ಅಷ್ಟು ಗಟ್ಟಿ ಹೇಳ್ತೀಯಂದ್ರ ಆತು ಬಿಡಪಾ” ಎಂದಳು. ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಮಗ ತಲೆ ಎತ್ತಲಿಲ್ಲ. ಅವನ ಬಾಯಿಂದ ಏನನ್ನೂ ನಾನು ಕೇಳಿಸಿಕೊಳ್ಳಲಿಲ್ಲ, ಏನನ್ನೂ ಕೇಳಲಿಲ್ಲ.

ಮನೆಗೆ ಬಂದಾಗ ಅಕ್ಕ ಅಂಗಳದಲ್ಲೇ ನಿಂತಿದ್ದಳು.

“ಏನಂದ್ರು?”

“ಭಾಳ ಖುಷಿ ಆದ್ರು ಅಕ್ಕಾ. ಹುಡುಗಗ ಹಾಡಂದ್ರ ಜೀವ. ಹಾಡು ಕೇಳಿಕೋತನೇ ಅಂಗಿ ಹೊಲಿತಾನಂತ.”

“ಅವನೇ ಅಂದನೇನು?”

“ಮತ್ತ! ಎದ್ದು ನಿಂತು ಅಂದ.”

ಆ ಸಂಜೆ ಅಕ್ಕ ರೊಟ್ಟಿ ಬಡಿಯುತ್ತ ಹಾಡಿದ್ದು ಇಡೀ ಓಣಿಗೆ ಕೇಳಿತು. ನನಗೆ ಎರಡು ರೊಟ್ಟಿ ಹೆಚ್ಚು ಹಾಕಿದಳು. ತಿಂದೆ. ನಾಚಿಕೆಗೂ ಹಸಿವಿಗೂ ಸಂಬಂಧವಿಲ್ಲವೆಂದು ಆ ದಿನ ಕಲಿತೆ.

ಇನ್ನು ಉಳಿದದ್ದು ಸಕ್ಕರೆ. ನಮ್ಮಲ್ಲಿ ಸಂಬಂಧ ಗಟ್ಟಿಯಾದ ದಿನ ಎರಡೂ ಕಡೆಯವರು ಒಬ್ಬರ ಬಾಯಿಗೆ ಒಬ್ಬರು ಸಕ್ಕರೆ ಹಾಕುತ್ತಾರೆ. ಅದಕ್ಕೆ ಮೊದಲು ಓಣಿಯ ಹಿರಿಯರೊಬ್ಬರು ಎದ್ದು, “ಯಾರದರ ಏನರ ಮಾತಿದ್ರ ಈಗೇ ಹೇಳ್ರಿ. ಬಾಯಾಗ ಸಕ್ಕರಿ ಬಿದ್ದಮ್ಯಾಲ ಮಾತಿಲ್ಲ” ಎಂದು ಕೇಳುವುದು ಪದ್ಧತಿ. ಈ ಪದ್ಧತಿ ನನಗೆ ಗೊತ್ತಿತ್ತು. ಆದ್ದರಿಂದ ಪರಾತದಲ್ಲಿ ಸಕ್ಕರೆ ಸುರುವಿಕೊಂಡು ಮೊದಲೇ ನಡುಮನೆಯಲ್ಲಿ ತಯಾರಾಗಿ ನಿಂತಿದ್ದೆ.

ಹಿರಿಯರು ಎದ್ದು, “ಯಾರದರ ಏನರ...” ಎಂದರು.

ಸೇಡಂ ಅತ್ತೆ, “ಆ ಹಾಡಿನ ಮಾತು ಒಂದು...” ಎಂದಳು. ನಾನು ಓಡಿಹೋಗಿ ಆಕೆಯ ಬಾಯಿಗೆ ಒಂದು ಹಿಡಿ ಸಕ್ಕರೆ ಹಾಕಿದೆ. ಆ ಕಡೆ ಬಾಗಿಲ ಸಂದಿಯಿಂದ ಅಕ್ಕ, “ನಂದೂ ಒಂದ್ ಕೇಳೋದಿತ್ತು...” ಎಂದಳು. ಆಕೆಯ ಬಾಯಿಗೆ ಎರಡು ಹಿಡಿ. ಹುಡುಗ ಏನೂ ಹೇಳುವವನಿರಲಿಲ್ಲ, ಆದರೂ ಸುಮ್ಮನೆ ಇರಲೆಂದು ಅವನ ಬಾಯಿಗೂ ತುರುಕಿದೆ. ಅವನು ಕೆಮ್ಮಿದ. ಮಾತು ಮುಗಿಸಲು ಬಾಯಿ ತೆರೆದೇ ನಿಂತಿದ್ದ ಹಿರಿಯರನ್ನೂ ಬಿಡಲಿಲ್ಲ.

“ಏ, ಏ! ನಿನ್ನ ಅಕ್ಕನ ಲಗ್ನ ಮಾಡಾಕತ್ತೀಯೋ, ಚೀಲಾ ತುಂಬಾಕತ್ತೀಯೋ?” ಎಂದು ಅವರು ಸಕ್ಕರೆ ಉದುರಿಸುತ್ತ ಬೈದರು. ಎಲ್ಲರೂ ನಕ್ಕರು. ತಮ್ಮನಿಗೆ ತನ್ನ ಲಗ್ನದ ಅವಸರ ಎಂದರು. ನಾನೂ ನಕ್ಕೆ. ಸಕ್ಕರೆ ಬಾಯಲ್ಲಿ ಬಿದ್ದಾಗಿತ್ತು. ಮಾತಿರಲಿಲ್ಲ.

ಮುಂದಿನ ಮೂರು ತಿಂಗಳು ನಾನು ಪಟ್ಟ ಕಷ್ಟ ಫರ್ಸಿ ಹೊತ್ತವನೂ ಪಟ್ಟಿಲ್ಲ. ಹುಡುಗ ವಾಡಿಗೆ ಬಂದರೆ ಅವನ ಪಕ್ಕ ಬಿಡುತ್ತಿರಲಿಲ್ಲ. ಅಕ್ಕ ಅವನಿಗೆ ಚೀಟಿ ಬರೆದರೆ ನಾನೇ ಒಯ್ಯುತ್ತೇನೆಂದು ಇಸಿದುಕೊಂಡು, ಗಾಡಿಯಲ್ಲಿ ಅಕ್ಷರ ಕೂಡಿಸಿ ಕೂಡಿಸಿ ಓದಿ, ಹಾಡಿನ ಮಾತಿದ್ದ ಚೀಟಿಗಳನ್ನು ಕಿಟಕಿಯಿಂದ ಬಿಡುತ್ತಿದ್ದೆ. ಐದನೇ ಇಯತ್ತೆಯ ಓದು ನನಗೆ ಉಪಯೋಗಕ್ಕೆ ಬಂದದ್ದು ಅದೊಂದಕ್ಕೇ. ಚೀಟಿಗೆ ಉತ್ತರ ಬರಲಿಲ್ಲವೆಂದು ಅಕ್ಕ ಕೇಳಿದರೆ, “ನಾಚಿಕಿ ಸ್ವಭಾವ” ಎನ್ನುತ್ತಿದ್ದೆ.

ಲಗ್ನ ಸೇಡಂನಲ್ಲಿ ಆಯಿತು. ಎರಡು ಜೋಡಿಗೂ ಒಂದೇ ಮುಹೂರ್ತ. ಊಟವಾದ ಮೇಲೆ ಅಕ್ಕ ಗಂಡನ ಮನೆಯ ಹೊಸ್ತಿಲು ದಾಟಬೇಕು, ಆಮೇಲೆ ನಾನು ನನ್ನ ಹೆಂಡತಿಯನ್ನು ಕರೆದುಕೊಂಡು ವಾಡಿಯ ಗಾಡಿ ಹಿಡಿಯಬೇಕು. ಹೊಸ್ತಿಲಲ್ಲಿ ಹೆಂಗಸರು ಅಡ್ಡ ನಿಂತು, ಒಡಪು ಹೇಳು, ಗಂಡನ ಹೆಸರು ಕೂಡಿಸಿ ಹೇಳಿದರೇನೇ ಒಳಗೆ ಬಿಡುತ್ತೇವೆ ಎಂದರು. ಅದು ಎಲ್ಲ ಕಡೆಯೂ ಇದ್ದದ್ದೇ. ಸೇರೊದೆಯುವ ಮೊದಲು ಪ್ರಾಸ ಕಟ್ಟಿ ಗಂಡನ ಹೆಸರು ಹೇಳಬೇಕು.

ಅಕ್ಕ ನಗುತ್ತ ಗಂಟಲು ಸರಿಮಾಡಿಕೊಂಡಳು. ಆ ಸರಿಮಾಡಿಕೊಳ್ಳುವ ಬಗೆ ನನಗೆ ಗೊತ್ತಿತ್ತು. ಒಡಪನ್ನು ಹಾಡಿನ ಧಾಟಿಯಲ್ಲೇ ಎತ್ತುವವಳಿದ್ದಳು. “ಮಾತು ಕೊಟ್ಟ...” ಎಂದು ಮೊದಲ ದನಿ ಬಂದೇಬಿಟ್ಟಿತು.

ಅತ್ತೆ ಕೈ ಎತ್ತಿದಳು. “ಹಾಡು ಬ್ಯಾಡವ್ವಾ, ಬಾಯಿಲೆ ಹೇಳು. ಹೊಸ್ತಿಲಾ ದಾಟಿದ ದಿನಾನೇ ಹಾಡು ಬಿಡ್ತಾಳಂತ ನಿನ್ನ ತಮ್ಮ ಜಬಾನ್ ಕೊಟ್ಟಾನ. ನಮ್ಮದು ಮಾತಿನ ಮನಿ.”

ಅಕ್ಕ ತಿರುಗಿ ನನ್ನನ್ನು ನೋಡಿದಳು. ಆ ಹಂದರದಲ್ಲಿ ನೂರು ಜನರಿದ್ದರು, ಆಕೆಗೆ ಹುಡುಕುವುದು ಕಷ್ಟವಾಗಲಿಲ್ಲ. ನನ್ನ ಬಾಸಿಂಗ ಒಂದು ಕಡೆಗೆ ವಾಲಿತ್ತು, ಅದನ್ನು ನೆಟ್ಟಗೆ ಮಾಡಿಕೊಳ್ಳುತ್ತಿರುವವನಂತೆ ಮುಖ ಮುಚ್ಚಿಕೊಂಡೆ. ಆಮೇಲೆ ಆಕೆ ನನ್ನ ಪಕ್ಕದಲ್ಲಿದ್ದವಳನ್ನು ನೋಡಿದಳು. ನನ್ನ ಹೊಸ ಹೆಂಡತಿ ಏನೂ ಅರಿಯದೆ, ಬಿಗಿಯಾದ ಕಾಲುಂಗುರವನ್ನು ಹಿಂದೆ ಮುಂದೆ ಸರಿಸುತ್ತಿದ್ದಳು. ಸಾಟಿ ಲಗ್ನದ ಹಗ್ಗ ಎಲ್ಲಿಂದ ಎಲ್ಲಿಗೆ ಕಟ್ಟಿದೆ ಎಂಬುದನ್ನು ಅಕ್ಕ ಒಂದು ಗಳಿಗೆಯಲ್ಲಿ ಅಳೆದಳು. ತಾನು ಒಲ್ಲೆನೆಂದರೆ ಈ ಹುಡುಗಿಯೂ ಇಲ್ಲೇ ಉಳಿಯುತ್ತಾಳೆ.

ಆಕೆ ಓದಿ ಹೇಳುವವಳಂತೆ ಒಡಪು ಹೇಳಿದಳು. ಜೋಳದ ರೊಟ್ಟಿ, ಬೆಣ್ಣೆ, ಆಮೇಲೆ ಗಂಡನ ಹೆಸರು. ಯಾವ ಧಾಟಿಯೂ ಇಲ್ಲ. ಸೇರೊದ್ದು ಒಳಗೆ ಹೋದಳು.

ಅಲ್ಲಿಂದ ಏಳು ವರ್ಷ.

ನಾನು ಹಬ್ಬಕ್ಕೆ ಹೋದಾಗೆಲ್ಲ ಅಕ್ಕ ಚೆನ್ನಾಗಿಯೇ ಮಾತಾಡಿಸುತ್ತಿದ್ದಳು. ಊಟಕ್ಕೆ ಬಡಿಸುತ್ತಿದ್ದಳು, ಮಕ್ಕಳನ್ನು ತೊಡೆಗೆ ಕೊಡುತ್ತಿದ್ದಳು. ಬೈದಿದ್ದರೆ ಸುಲಭವಿತ್ತು. ಎರಡು ಮಕ್ಕಳನ್ನು ತೂಗಿ ಮಲಗಿಸಿದಳು, ಜೋಗುಳ ಕೂಡ ಹಾಡಲಿಲ್ಲವಂತೆ. ಸುಮ್ಮನೆ ಬೆನ್ನು ತಟ್ಟುತ್ತಿದ್ದಳಂತೆ. ಇದನ್ನು ಭಾವ ಒಮ್ಮೆ ನನಗೆ ಹೇಳಿ, “ಆಕಿ ಹಾಡೋದನ್ನ ಮರತೇ ಬಿಟ್ಟಾಳೇನೋ ಪಾಪ” ಎಂದ. ಅವನಿಗೆ ಆಕೆಯ ದನಿ ಹೇಗಿದೆಯೆಂದೇ ಗೊತ್ತಿರಲಿಲ್ಲ. ನಾನು ನೀರು ಕೇಳಿದೆ.

ಇತ್ತ ವಾಡಿಯಲ್ಲಿ ಆದದ್ದೇ ಬೇರೆ. ನಾವು ಊರಿಗೆ ಬಂದ ಮೂರನೇ ದಿನ ಸಂಘದ ಹೆಂಗಸರು ಮನೆಗೆ ಬಂದರು. “ನಮ್ಮಾಕಿನ್ನ ಸೇಡಂಕ ಕಳಿಸೀರಿ, ಆ ಜಾಗಾಕ ಒಬ್ಬಾಕಿ ಬೇಕಲ್ಲ?” ಎಂದು ನನ್ನ ಹೆಂಡತಿಯನ್ನು ಕರೆದೊಯ್ದರು. ಆಕೆಯ ದನಿ ಕಲ್ಲು ಕೊಯ್ಯುವ ಯಂತ್ರದ ಹಾಗೆ. ಇಂಪಿಲ್ಲ, ಆದರೆ ಹಳಿಯ ಆಚೆಗೂ ಕೇಳುತ್ತದೆ. ಕಲಿತ ಮೊದಲ ಹಾಡು ಯಾವುದೆಂದು ಬೇರೆ ಹೇಳಬೇಕಿಲ್ಲ. ನಾನು ದಿನವಿಡೀ ಯಂತ್ರದ ಸದ್ದು ಕೇಳಿ ಬಂದರೆ ಮನೆಯಲ್ಲಿ, “ನಿಲ್ಲಾಕ ಕಾಲಿಲ್ಲಂದ್ರ, ಕುಂತರ ಹೇಳ್ತೀಯೇನು?”

“ಅಕ್ಕ ಬಿಟ್ಟಾಳಲ್ಲ, ನೀನೂ ಬಿಡಬಾರದೇನು?” ಎಂದು ಒಮ್ಮೆ ಮೆಲ್ಲಗೆ ಕೇಳಿದೆ.

“ಯಾಕ್ರಿ? ನನ್ನ ಸಲುವಾಗಿ ಯಾರರ ಜಬಾನ್ ಕೊಟ್ಟಾರೇನು?”

ಆಕೆಗೆ ಆ ಹೊಸ್ತಿಲಿನ ಮಾತು ನೆನಪಿತ್ತೆಂದು ಅಂದೇ ಗೊತ್ತಾದದ್ದು. ಎದುರು ಕೂಡಿಸಿಕೊಂಡು ಎಲ್ಲ ಹೇಳಿದೆ. ಮೊದಲು ನಕ್ಕಳು. ಹಿರಿಯರ ಬಾಯಿಗೆ ಸಕ್ಕರೆ ಹಾಕಿದ್ದು ಯಾಕೆಂದು ತಿಳಿದು ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ಚೀಟಿಗಳ ಮಾತು ಬಂತು. “ಕಿಟಕ್ಯಾಗಿಂದ ಒಗದ್ರ್ಯಾ?” ಎಂದು ಬೈದವಳು ನಾಲ್ಕು ದಿನ ನನ್ನ ಜೊತೆ ಮಾತಾಡಲಿಲ್ಲ.

ಎರಡು ಸಾವಿರದ ಆಚೆ ಮೂರ್ನಾಲ್ಕು ವರ್ಷಕ್ಕೆ ಚಿತ್ತಾಪುರದಲ್ಲಿ ತಾಲ್ಲೂಕಿನ ಸಂಘಗಳೆಲ್ಲ ಕೂಡಿ ಒಂದು ಸಮಾವೇಶ ಮಾಡಿದವು. ನನ್ನ ಹೆಂಡತಿ ವೇದಿಕೆಯಲ್ಲಿ ಹಾಡಿದಳು. ಮೈಕು ಬೇಕೇ ಇರಲಿಲ್ಲ. ಮಗಳ ಹಾಡು ಕೇಳಲು ಸೇಡಂನಿಂದ ಅತ್ತೆ ಬಂದಿದ್ದಳು. ಮೊದಲ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿ, ಅಕ್ಕಪಕ್ಕದವರಿಗೆಲ್ಲ, “ನನ್ನ ಮಗಳು, ನನ್ನ ಮಗಳು” ಎನ್ನುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

“ಅತ್ತಿ, ಮಗಳು ಹಾಡಿದ್ರ ಚಪ್ಪಾಳಿ, ಸೊಸಿ ಹಾಡಿದ್ರ ಬ್ಯಾಡ. ಇದ್ಯಾವ ನ್ಯಾಯ?”

ಆಕೆ ಚಪ್ಪಾಳೆ ನಿಲ್ಲಿಸಿ ನನ್ನನ್ನು ದಿಟ್ಟಿಸಿದಳು. “ನಾ ಯಾವಾಗ ಬ್ಯಾಡಂದೀನೋ? ಸೋಮವಾರ ನಮ್ಮ ಮನ್ಯಾಗ ಭಜನಿ ಇರ್ತದ, ಚಲೋ ದನಿ ಇರೋ ಸೊಸಿ ಬಂದ್ರ ಬೇಶ್ ಅಂತ ಕೇಳಿದೆ. ಕೇಳಿ ಮುಗಿಸೋದರಾಗ ನೀನೇ ಬಿಡ್ತಾಳ, ಬಿಡ್ತಾಳ ಅಂತ ಜಬಾನ್ ಕೊಟ್ಟಿ. ಸಕ್ಕರಿ ದಿನ ಮತ್ತ ಎತ್ತಿದೆ, ಬಾಯಿ ತುಂಬಿಸಿಬಿಟ್ಟಿ. ನಿಮ್ಮ ಮನ್ಯಾಗ ಅದೇನರ ಹರಕಿ ಇರಬೇಕು, ಕೊಟ್ಟ ಮಾತು ಮುರಿಸಬಾರದಂತ ನಾನೂ ಕಾಯ್ಕೊಂಡು ಬಂದೀನಿ.”

ಏಳು ವರ್ಷ ಯಾರಿಗೂ ಬೇಡದ ಒಂದು ಮಾತನ್ನು ಎರಡು ಹೆಂಗಸರು ಒಂದೇ ಸೂರಿನ ಕೆಳಗೆ ನನ್ನ ಸಲುವಾಗಿ ಕಾಯುತ್ತಿದ್ದರು.

ಮರುದಿನವೇ ರಜೆ ಹಾಕಿ ಸೇಡಂಗೆ ಹೋದೆ. ಅಕ್ಕ ಹಿತ್ತಿಲಲ್ಲಿ ಶೇಂಗಾ ಒಡೆಯುತ್ತ ಕೂತಿದ್ದಳು. ಎದುರು ಕೂತು ನಾನೂ ಒಡೆಯಹತ್ತಿದೆ, ಯಾಕೆಂದರೆ ಕೈ ಸುಮ್ಮನಿದ್ದರೆ ಬಾಯಿ ಏಳುತ್ತಿರಲಿಲ್ಲ. ಎಲ್ಲ ಹೇಳಿದೆ. ಚಾ, ಆ ಹುಡುಗಿಯ ಕಚ್ಚಿದ ತುಟಿ, ಭಾವ ಎದ್ದು ನಿಂತು ಅಂದದ್ದು ಸುಳ್ಳೆಂಬುದು, ಕಿಟಕಿಯಿಂದ ಹೋದ ಚೀಟಿಗಳು, ಅತ್ತೆಯ ಭಜನೆ. ಆಕೆ ಒಂದು ಸಲವೂ ತಲೆ ಎತ್ತಲಿಲ್ಲ. ಚೀಟಿಯ ಮಾತಿಗೆ ಮಾತ್ರ ಕೈ ನಿಂತಿತು.

“ಎಷ್ಟಿದ್ದವು?”

“ನಾಕು.”

“ಐದು ಬರದಿದ್ದೆ.”

“ಒಂದರಾಗ ಹಾಡಿನ ಮಾತಿರಲಿಲ್ಲ. ಅದನ್ನ ಕೊಟ್ಟೀನಿ.”

ಅಕ್ಕ ನಕ್ಕುಬಿಟ್ಟಳು. ಆ ನಗು ನೋಡಿ ನನಗೆ ಧೈರ್ಯ ಬಂತು, ಮತ್ತೆ ನನ್ನ ಹಳೆಯ ಚಾಳಿ ಎದ್ದಿತು. “ಈಗೆಲ್ಲ ಬಗೀಹರೀತಲ್ಲ ಅಕ್ಕಾ. ಅತ್ತಿಗಿ ಹೇಳೀನಿ, ಭಾವಗೂ ಹೇಳ್ತೀನಿ. ಇನ್ನ ನೀ ಹಾಡು. ಯಾರೂ ಏನೂ ಅನ್ನಂಗಿಲ್ಲ, ಜಬಾನ್...”

“ಬಾಯಿ ಮುಚ್ಚು” ಎಂದಳು. ಜೋರಾಗಿ ಅನ್ನಲಿಲ್ಲ. “ನೀ ಬಿಡ್ತಾಳ ಅಂದಿ, ಬಿಟ್ಟೆ. ಈಗ ನೀ ಹಾಡು ಅಂತೀ, ಹಾಡಬೇಕೇನು? ನನ್ನ ಗಂಟಲೇನು ನಿಮ್ಮ ಕಾರ್ಖಾನಿ ಮಷೀನೇನು ತಮ್ಮಾ, ನೀ ಬಟನ್ ಒತ್ತಿದಾಗ ನಿಲ್ಲಾಕ, ಒತ್ತಿದಾಗ ನಡಿಯಾಕ?”

ನಾನು ಶೇಂಗಾ ಒಡೆದೆ.

“ಒಂದು ಮಾಡು. ನಿನ್ನ ಭಾವಗ ಹೇಳೋದು ಬ್ಯಾಡ. ಅದನ್ನ ನಾ ಹೇಳ್ತೀನಿ. ಐದು ಚೀಟಿನೂ ನನಗ ಬಾಯಿಪಾಠ ಅವ.”

ಸಂಜೆಯ ಗಾಡಿಗೆ ಹೊರಟೆ. ಬಾಗಿಲವರೆಗೆ ಬಂದು ಬುತ್ತಿ ಕೊಟ್ಟಳು.

ಅಕ್ಕ ಈಗ ಹಾಡುತ್ತಾಳೆ. ಸೋಮವಾರ ಭಜನೆಗೆ ಹಾಡುತ್ತಾಳೆ, ಸೇಡಂನ ಸಂಘದಲ್ಲಿ ಹಾಡುತ್ತಾಳೆ, ಭಾವ ಹೊಲಿಯುವಾಗ ಪಕ್ಕದಲ್ಲಿ ಗುಂಡಿ ಹಚ್ಚುತ್ತ ಹಾಡುತ್ತಾಳೆ. ಇದೆಲ್ಲ ನನ್ನ ಹೆಂಡತಿ ತವರಿಗೆ ಹೋಗಿಬಂದು ಹೇಳಿದ್ದು. ದನಿ ಮೊದಲಿಗಿಂತ ಸ್ವಲ್ಪ ದಪ್ಪವಾಗಿದೆಯಂತೆ, ಆದರೆ ಚಲೋ ಇದೆಯಂತೆ. ನಾನು ಕೇಳಿಲ್ಲ. ನಾನು ಹೋದರೆ ಹಾಡು ನಿಲ್ಲುತ್ತದೆ. ಒಂದೆರಡು ಸಲ ಹೇಳದೆ ಹೋಗಿ, ಚಪ್ಪಲಿ ಕೈಯಲ್ಲಿ ಹಿಡಿದು ಹಿತ್ತಿಲ ಗೋಡೆಗೆ ಕಿವಿ ಹಚ್ಚಿ ನಿಂತೆ. ಎರಡನೇ ಸಲ ಪಕ್ಕದ ಮನೆಯವರು ಕಳ್ಳನೆಂದು ಕೂಗಿದರು. ಅಕ್ಕ ಗೋಡೆಯ ಮೇಲಿಂದ ಇಣುಕಿ ನೋಡಿ, “ಕಳ್ಳನೇ ಹೌದು, ಆದ್ರ ನಮ್ಮವನು, ಬಿಡ್ರಿ” ಎಂದು ಒಳಗೆ ಕರೆದು ಚಾ ಕೊಟ್ಟಳು. ನಾನು ಚಾ ಕುಡಿಯುವವರೆಗೆ ಎದುರಿಗೇ ಕೂತಿದ್ದಳು. ಮಕ್ಕಳ ಶಾಲೆ, ಮಳೆ, ಅವ್ವನ ಮೊಣಕಾಲು ಎಲ್ಲದರ ಮಾತೂ ಆಡಿದಳು. ಇನ್ನೂ ಸ್ವಲ್ಪ ಹೊತ್ತು ಕೂತರೆ ಹಾಡುತ್ತಾಳೇನೋ ಎಂದು ನಾನು ಇನ್ನೊಂದು ಬಸಿ ಚಾ ಕೇಳಿದೆ. ಅದನ್ನೂ ಕೊಟ್ಟಳು.